ಒಂದು ಕೆಮ್ಮಿದರೆ ಬೇಡ, ಎರಡು ಕೆಮ್ಮಿದರೆ ಆಗಲಿ

ಎಲ್ಲದಕ್ಕೂ ಮೂಲ ಒಂದು ಸೀಟಿ. ಡ್ರಿಲ್ ಮೇಷ್ಟ್ರಾದವರ ಕೊರಳಲ್ಲಿ ಸೀಟಿ ಇರುವುದು ಸಹಜವೇ. ಆದರೆ ಒಂದು ಭಾನುವಾರ ಬೆಳಿಗ್ಗೆ ಇನ್ನೊಂದು ಲೋಟ ಟೀ ಬೇಕೆನಿಸಿದಾಗ ಮೇಷ್ಟ್ರು ಬಾಯಿಬಿಟ್ಟು ಕೇಳಲಿಲ್ಲ. ಕುರ್ಚಿಯಲ್ಲಿ ಕೂತಲ್ಲಿಂದಲೇ ಅಡುಗೆಮನೆಯ ಕಡೆ ತಿರುಗಿ ಪುರ್ರ್ ಎಂದು ಊದಿಬಿಟ್ಟರು.

ಹೆಂಡತಿ ಹೊರಗೆ ಬಂದಳು. ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಸಾಲಾಗಿ ನಿಲ್ಲಬೇಕೋ, ಓಡಬೇಕೋ?"

ಮೇಷ್ಟ್ರು ನಕ್ಕರು. ನಗಬಾರದಿತ್ತು. ಅವಳು ಬ್ಯಾಗು ತುಂಬಿಕೊಂಡು ತಾಯಿಯ ಮನೆಗೆ ಹೊರಟೇಹೋದಳು.

ಮಾರನೆಯ ದಿನವೇ ಹೋಗಿ ಕರೆದುಕೊಂಡು ಬಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪಕ್ಕದ ಮನೆಯಲ್ಲಿ ಲಾ ಪಾಯಿಂಟ್ ಚಿಕ್ಕಪ್ಪ ಇದ್ದರು. ಅವರು ಮೇಷ್ಟ್ರಿಗೆ ರಕ್ತಸಂಬಂಧವೇನಲ್ಲ, ಇಡೀ ಬೀದಿಗೇ ಚಿಕ್ಕಪ್ಪ. ಕಾನೂನು ಓದಿದವರೂ ಅಲ್ಲ. ಯಾವುದೋ ಸೈಕಲ್ ಕಳ್ಳತನದ ಕೇಸಿನಲ್ಲಿ ಒಮ್ಮೆ ಸಾಕ್ಷಿ ಹೇಳಿ ಬಂದಿದ್ದರು. ಅಂದಿನಿಂದ ಕೋರ್ಟನ್ನು ತಲೆಯ ಮೇಲೆ ಹೊತ್ತುಕೊಂಡೇ ತಿರುಗುತ್ತಿದ್ದರು.

"ನೀನಾಗಿ ಹೋಗಿ ಕರೆದೆಯೋ, ಕೆಟ್ಟೆ ಕಣಯ್ಯಾ! ತಗ್ಗಿಸಿದ ತಲೆ ಮತ್ತೆ ಎತ್ತೋ ಹಾಗಿಲ್ಲ. ಒಂದು ನೋಟಿಸ್ ಕೊಡು. ಲಕೋಟೆ ಒಡೆದ ದಿನವೇ ಗಾಬರಿಬಿದ್ದು ಬರ್ತಾಳೆ."

ನೋಟಿಸ್ ಹೋಯಿತು. ಹೆಂಡತಿ ಬರಲಿಲ್ಲ, ಅವಳ ವಕೀಲರ ಉತ್ತರ ಬಂತು. "ಅರ್ಜಿ ಹಾಕು, ಆಗ ನೋಡು" ಎಂದರು ಚಿಕ್ಕಪ್ಪ. ವಿಚ್ಛೇದನದ ಅರ್ಜಿಯೂ ಬಿತ್ತು. ಜಾರುಬಂಡೆಯ ತುದಿಯಲ್ಲಿ ಕೂತ ಮಗುವನ್ನು ಹಿಂದಿನಿಂದ ಯಾರೋ ತಳ್ಳಿದ ಹಾಗೆ ಮೇಷ್ಟ್ರು ಸರ್ರನೆ ಕೆಳಗೆ ಹೋಗುತ್ತಲೇ ಇದ್ದರು. ನ್ಯಾಯಾಧೀಶರು ಅರ್ಜಿ ಓದಿ, ಕನ್ನಡಕ ತೆಗೆದು, "ಸೀಟಿಗೆ ವಿಚ್ಛೇದನವೇ? ಮೊದಲು ಸಂಧಾನಕ್ಕೆ ಹೋಗಿ" ಎಂದು ದಿನ ಗೊತ್ತುಮಾಡಿದರು.

ಆ ದಿನ ಮೇಷ್ಟ್ರು ಎದ್ದಾಗಿನಿಂದ ಅಂಗಿ ಬದಲಿಸುತ್ತಲೇ ಇದ್ದರು. ಅವರ ಮನಸ್ಸಿನಲ್ಲಿದ್ದದ್ದು ಒಂದೇ: ಇವತ್ತು ಹೇಗಾದರೂ ಅವಳು ಮನೆಗೆ ಬರಬೇಕು. ಆದರೆ ಹಾಗೆಂದು ಬಾಯಿಬಿಟ್ಟು ಹೇಳುವುದಾದರೂ ಹೇಗೆ?

ಚಿಕ್ಕಪ್ಪ ಕರೆಯದಿದ್ದರೂ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದರು. ಹಿಂದೆ ನೀರಿನ ಬಾಟಲಿ ಹಿಡಿದು ಚಿಕ್ಕಮ್ಮ. ಬಸ್ಸಿನಲ್ಲಿ ಚಿಕ್ಕಮ್ಮ ಮೆಲ್ಲಗೆ, "ನನಗೇನೋ ಅನ್ನಿಸೋದು, ಆ ಹುಡುಗಿ..." ಎಂದು ಶುರುಮಾಡಿದರು.

"ನಿನಗೇನೂ ಅನ್ನಿಸಲ್ಲ, ಸುಮ್ನೆ ಕೂತ್ಕೋ," ಎಂದು ಚಿಕ್ಕಪ್ಪ ಮೇಷ್ಟ್ರ ಕಡೆ ತಿರುಗಿದರು. "ನೋಡಯ್ಯಾ, ಒಳಗೆ ನನ್ನನ್ನ ಬಿಡಲ್ಲ. ಬಾಗಿಲ ಹತ್ತಿರವೇ ಇರ್ತೀನಿ. ನಾನು ಒಂದು ಸಲ ಕೆಮ್ಮಿದರೆ ಬೇಡ ಅನ್ನು. ಎರಡು ಸಲ ಕೆಮ್ಮಿದರೆ ಆಗಲಿ ಅನ್ನು. ಸ್ವಂತ ಬುದ್ಧಿ ಮಾತ್ರ ಉಪಯೋಗಿಸಬೇಡ."

ಸಂಧಾನದ ಕೋಣೆಯಲ್ಲಿ ಒಂದು ದುಂಡು ಮೇಜು, ನಾಲ್ಕು ಕುರ್ಚಿ, ನೀರಿನ ಜಗ್ಗು. ಸಂಧಾನ ಮಾಡಿಸುವ ಮೇಡಂ ದಪ್ಪ ಕನ್ನಡಕದ ಮಧ್ಯವಯಸ್ಸಿನವರು. ಎದುರಿಗೆ ಹೆಂಡತಿ, ಗೋಡೆಯ ಗಡಿಯಾರವನ್ನೇ ನೋಡುತ್ತ ಕೂತಿದ್ದಳು. ಸ್ವಲ್ಪ ಸೊರಗಿದ್ದಾಳೆ ಎನ್ನಿಸಿ ಮೇಷ್ಟ್ರು ನೀರಿನ ಜಗ್ಗನ್ನು ಮೆಲ್ಲಗೆ ಅವಳ ಕಡೆ ಸರಿಸಿದರು.

"ಇಲ್ಲಿ ನಾನು ತೀರ್ಪು ಕೊಡಲ್ಲ," ಎಂದರು ಮೇಡಂ. "ಒಬ್ಬೊಬ್ಬರ ಹತ್ತಿರ ಬೇರೆಬೇರೆ ಮಾತಾಡ್ತೀನಿ. ಅವರು ಮಾತಾಡುವಾಗ ಬೇರೆ ಯಾರೂ ಬಾಯಿ ಹಾಕೋ ಹಾಗಿಲ್ಲ. ನನಗೆ ಹೇಳಿದ್ದು ನನ್ನಲ್ಲೇ ಇರುತ್ತೆ. ನೀವು ಒಪ್ಪಿಗೆ ಕೊಡದೆ ಇನ್ನೊಬ್ಬರಿಗೆ ತಿಳಿಸಲ್ಲ."

ಮೊದಲ ಸರದಿ ಮೇಷ್ಟ್ರದು. ಹೆಂಡತಿ ಹೊರಗೆ ಹೋದದ್ದೇ ತಡ, ಅವರು ಬಾಗಿಲಿಗೆ ಕೇಳಿಸದಂತೆ ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದರು: "ಮೇಡಂ, ನನಗೆ ವಿಚ್ಛೇದನವೂ ಬೇಡ, ಮಣ್ಣೂ ಬೇಡ. ಅವಳು ಮನೆಗೆ ಬಂದರೆ ಸಾಕು. ಆದರೆ ಇದನ್ನ ಅವಳಿಗೆ ಹೇಳಬೇಡಿ."

"ಹೇಳಿದರೇನ್ರೀ?"

"ಬೇಡ, ಬೇಡ. ಮರ್ಯಾದೆ ಪ್ರಶ್ನೆ."

ಆಮೇಲೆ ಹೆಂಡತಿ ಒಳಗೆ ಹೋದಳು. ಬೇಗನೆ ಬಾಗಿಲು ತೆರೆಯಿತು. ಮೇಡಂ ಹಲ್ಲುನೋವು ಬಂದವರ ಹಾಗೆ ಕೆನ್ನೆಗೆ ಕೈ ಕೊಟ್ಟು ಕೂತಿದ್ದರು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ನೋಡಿ, ಇಬ್ಬರಲ್ಲಿ ಒಬ್ಬರು, ಒಂದೇ ಒಂದು ಮಾತನ್ನ ಇನ್ನೊಬ್ಬರಿಗೆ ಹೇಳೋಕೆ ನನಗೆ ಒಪ್ಪಿಗೆ ಕೊಟ್ಟರೆ, ಊಟದ ಹೊತ್ತಿಗೆ ಎಲ್ಲರೂ ಮನೆ ಸೇರಬಹುದು. ಕೊಡ್ತೀರಾ?" ಎಂದರು. ದನಿಯಲ್ಲಿ ಬೇಡಿಕೊಳ್ಳುವ ಧಾಟಿಯಿತ್ತು.

ಬಾಗಿಲ ಆಚೆ ಒಂದು ಕೆಮ್ಮು.

"ಬೇಡ," ಎಂದರು ಮೇಷ್ಟ್ರು.

"ಅವರಿಗೇ ಬೇಡ ಅಂದಮೇಲೆ ನನಗೂ ಬೇಡ," ಎಂದಳು ಹೆಂಡತಿ.

ಮೇಡಂ ನಿಟ್ಟುಸಿರುಬಿಟ್ಟರು. "ಹಾಗಾದ್ರೆ ಇಬ್ಬರೂ ಒಪ್ಪಿಕೊಂಡೇ ಬೇರೆಯಾಗ್ತೀರಾ? ಹಾಗೇ ಬರೆದುಬಿಡಲಾ?"

ಸರಿಯಾಗಿ ಅದೇ ಹೊತ್ತಿಗೆ ಹೊರಗೆ ಯಾರೋ ಕಸ ಗುಡಿಸಲು ಶುರುಮಾಡಿದರು. ಧೂಳು ಎದ್ದು ಚಿಕ್ಕಪ್ಪನ ಮೂಗಿಗೆ ಬಡಿಯಿತು. ಖೊಕ್, ಖೊಕ್.

"ಆಗಲಿ," ಎಂದುಬಿಟ್ಟರು ಮೇಷ್ಟ್ರು. ಎಂದಮೇಲೆ ತಾನು ಏನೆಂದೆ ಎಂದು ತಿಳಿದು ಮುಖ ಬಿಳಿಚಿಕೊಂಡಿತು. ಹೆಂಡತಿಯ ಕಣ್ಣು ತುಂಬಿತು. ಖೊಕ್! "ಬೇಡ!" ಖೊಕ್, ಖೊಕ್! "ಆಗಲಿ!" ಖೊಕ್, ಖೊಕ್, ಖೊಕ್! ಮೂರಕ್ಕೆ ಏನೂ ಗೊತ್ತುಮಾಡಿರಲಿಲ್ಲ. ಮೇಷ್ಟ್ರು ಬಾಯಿ ತೆರೆದುಕೊಂಡು ಬಾಗಿಲು ನೋಡತೊಡಗಿದರು.

ಹೆಂಡತಿಯೂ ಬಾಗಿಲು ನೋಡಿದಳು. ಎದ್ದು ಹೋಗಿ ಚಿಲಕ ತೆಗೆದು ಬಾಗಿಲು ಎಳೆದಳು. ಕಿವಿಗೊಟ್ಟು ಒರಗಿದ್ದ ಚಿಕ್ಕಪ್ಪ ಮೂಟೆ ಉರುಳಿದ ಹಾಗೆ ಒಳಗೆ ಬಿದ್ದರು.

"ಓಹೋ! ನೋಟಿಸ್, ಅರ್ಜಿ ಎಲ್ಲ ನಿಮ್ಮ ಕೆಲಸವಾ ಚಿಕ್ಕಪ್ಪಾ?"

"ನಂದೇನಮ್ಮಾ ತಪ್ಪು?" ಚಿಕ್ಕಪ್ಪ ನೆಲದಿಂದಲೇ ವಾದ ಮಂಡಿಸಿದರು. "ನೀನು ಬೇಕು ಬೇಕು ಅಂತ ಅತ್ತದ್ದು ಇವನು! ದಿನಾ ನಿನ್ನ ಸೀರೆ ಮಡಿಚಿಟ್ಟು ಮೂಗು ಸೀಟ್ತಿದ್ದ. ಗೋಡೆಯಾಚೆ ನಮಗೆ ನಿದ್ದೆಯಿಲ್ಲ. ಪಾಪ ಅಂತ ಉಪಾಯ ಹೇಳಿಕೊಟ್ಟೆ!"

ಮೇಷ್ಟ್ರು ಮೇಜಿನ ಕೆಳಗೆ ಏನೋ ಬಿದ್ದಿರುವಂತೆ ಹುಡುಕತೊಡಗಿದರು.

"ಅಳ್ತಿದ್ರೇನ್ರೀ?" ಎಂದಳು ಹೆಂಡತಿ.

"ನೆಗಡಿಯಾಗಿತ್ತು."

"ಮೇಡಂ, ನಾನು ಹೇಳಿದ್ದನ್ನ ಈಗ ಹೇಳಿಬಿಡಿ," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಡಂ ಮೊದಲು ಒಂದು ಲೋಟ ನೀರು ಗಟಗಟ ಕುಡಿದರು. "ಇಬ್ಬರೂ ಹೇಳಿದ್ದು ಒಂದೇ ಕಣ್ರೀ. ಮರ್ಯಾದೆ ಪ್ರಶ್ನೆ ಅನ್ನೋದೂ ಸೇರಿ!"

ಒಪ್ಪಂದ ಬರೆದದ್ದಾಯಿತು. ಮನೆಯೊಳಗೆ ಸೀಟಿ ಊದಬಾರದು. ಹೇಳದೆ ಮನೆ ಬಿಟ್ಟು ಹೋಗಬಾರದು. ಮೇಡಂ ಚಿಕ್ಕಪ್ಪನ ಕಡೆ ನೋಡುತ್ತ ತಾವಾಗಿ ಸೇರಿಸಿದ್ದು: ಮೂರನೆಯವರು ಗಂಡಹೆಂಡಿರ ನಡುವೆ ಬರಬಾರದು. ನ್ಯಾಯಾಧೀಶರ ಮುಂದೆ ಅರ್ಜಿ ವಾಪಸಾಯಿತು. ಹೊರಡುವಾಗ ಚಿಕ್ಕಮ್ಮ ಮೇಡಂ ಜೊತೆ ಕಾರಿಡಾರಿನಲ್ಲಿ ನಿಂತು ಮಾತಿಗೆ ತೊಡಗಿದ್ದರಿಂದ ಒಂದು ಬಸ್ಸು ತಪ್ಪಿತು. ಮೇಷ್ಟ್ರಿಗೆ ಅದೂ ಸಂತೋಷವೇ. ಹೆಂಡತಿಯ ಬ್ಯಾಗು ಹಿಡಿದುಕೊಂಡು, ಪಂದ್ಯದಲ್ಲಿ ಕಪ್ ಗೆದ್ದ ಹುಡುಗನ ಹಾಗೆ ನಿಂತಿದ್ದರು.

ಸಂಜೆ ಮನೆಯಲ್ಲಿ ಮೇಷ್ಟ್ರು ತಾವೇ ಟೀ ಮಾಡಿ ಹೆಂಡತಿಯ ಕೈಗೆ ಕೊಟ್ಟರು. ಅವಳು ಕುಡಿದು, "ಸಕ್ಕರೆ ಕಮ್ಮಿ," ಎಂದು ನಕ್ಕಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಚಿಕ್ಕಮ್ಮ. ಕೈಯಲ್ಲಿ ಸೂಟ್‌ಕೇಸು.

"ಮದುವೆಯಾದಾಗಿನಿಂದ ನಾನು ಶುರುಮಾಡಿದ ಒಂದು ಮಾತನ್ನೂ ಇವರು ಮುಗಿಸೋಕೆ ಬಿಟ್ಟಿಲ್ಲ ಕಣಮ್ಮಾ," ಎಂದರು, ಒಂದೇ ಉಸಿರಿಗೆ. "ಆ ಕೋಣೆಯಲ್ಲಿ ಮಾತ್ರ ನಾನು ಮಾತಾಡ್ತಾ ಇದ್ದರೆ ಇವರು ಬಾಯಿ ಮುಚ್ಚಿಕೊಂಡು ಹೊರಗೆ ಕೂತಿರಬೇಕಂತೆ! ಮೇಡಂನೇ ಕೇಳಿದೆ. ನಾನೂ ಅರ್ಜಿ ಹಾಕ್ತೀನಿ. ಬಿಡೋಕಲ್ಲ, ಮಾತಾಡೋಕೆ. ಸಂಧಾನದ ದಿನ ಬರೋವರೆಗೂ ನಿಮ್ಮನೇಲಿ ಇರಲಾ?"

"ಧಾರಾಳವಾಗಿ ಇರಿ ಚಿಕ್ಕಮ್ಮಾ," ಎಂದು ಹೆಂಡತಿ ಸೂಟ್‌ಕೇಸು ಒಳಗಿಟ್ಟಳು.

ಮನೆಯಲ್ಲಿ ಮಲಗಲು ಇದ್ದದ್ದು ಒಂದೇ ಕೋಣೆ. ಮೇಷ್ಟ್ರು ಧೈರ್ಯ ತಂದುಕೊಂಡು, "ಅಲ್ಲವೇ, ಮೂರನೆಯವರು ನಮ್ಮ ನಡುವೆ ಬರಬಾರದು ಅಂತ..." ಎಂದರು.

"ನಡುವೆ ಎಲ್ಲಿ ಬಂದ್ರು? ನಾನೂ ಚಿಕ್ಕಮ್ಮನೂ ಈ ಮನೇಲಿ, ನೀವು ಚಿಕ್ಕಪ್ಪನ ಜೊತೆ ಆ ಮನೇಲಿ. ನಮ್ಮ ನಡುವೆ ಗೋಡೆ ಮಾತ್ರ," ಎಂದು ಅವಳು ದಿಂಬನ್ನೂ ಹೊದಿಕೆಯನ್ನೂ ಗಂಡನ ತೋಳಿಗೆ ಹೇರಿದಳು. "ಒಪ್ಪಂದದ ಪ್ರಕಾರ ಹೇಳದೆ ಹೋಗಬಾರದು ತಾನೆ, ಹೇಳಿಯೇ ಕಳಿಸ್ತಿದೀನಿ."

ದಿಂಬು ಅಪ್ಪಿಕೊಂಡು ಮೇಷ್ಟ್ರು ಪಕ್ಕದ ಮನೆಯ ಬಾಗಿಲು ತಟ್ಟಿದರು. ಚಿಕ್ಕಪ್ಪ ತೆರೆದರು. ಸೊಂಟಕ್ಕೆ ಟವೆಲ್ಲು ಸುತ್ತಿ, ಕೈಯಲ್ಲಿ ಖಾಲಿ ಪಾತ್ರೆ ಹಿಡಿದಿದ್ದರು. ಮೇಷ್ಟ್ರನ್ನು ಕಂಡು ಅವರ ಮುಖ ಅರಳಿತು.

"ಬಾರಯ್ಯಾ, ಬಾ! ನಿನಗೆ ಅಡುಗೆ ಬರುತ್ತೆ ತಾನೆ?"