ಸಪ್ಪಳವಿಲ್ಲದ ಬೂಟು

ಇನ್ನು ಮುಂದೆ ತನ್ನ ಕಾಲಸಪ್ಪಳ ಈ ಭೂಮಂಡಲದಲ್ಲಿ ಯಾರ ಕಿವಿಗೂ ಬೀಳಕೂಡದು ಎಂದು ಗುರುಸಿದ್ದ ಪ್ರತಿಜ್ಞೆ ಮಾಡಿದ. ಕಾರಣ, ಕೆಳಗಿನ ಮನೆಯ ಓನರ್ ಕಮಲಾದೇವಿ. ಬಿಟಿಎಂ ಲೇಔಟಿನ ಆ ಮನೆಯ ಮೆಟ್ಟಿಲನ್ನು ಅವನು ಆಫೀಸ್ ಬೂಟಿನಲ್ಲಿ ಹತ್ತಿದರೆ ಅವರ ಅಡುಗೆಮನೆಯ ಡಬ್ಬಿಗಳೆಲ್ಲ ನಡುಗುತ್ತಿದ್ದವಂತೆ. "ಹೀಗೇ ಆದ್ರೆ ಮುಂದಿನ ತಿಂಗಳು ಬೇರೆ ಮನೆ ನೋಡ್ಕೊಳ್ಳಪ್ಪ" ಎಂದುಬಿಟ್ಟಿದ್ದರು.

ಭಾನುವಾರ ಜಯನಗರಕ್ಕೆ ಹೋಗಿ ಬಿಳಿ ಸ್ನೀಕರ್ಸ್ ತಂದ. ಹೆಂಡತಿ ವಿಜಯಲಕ್ಷ್ಮಿಗೆ ಪಾಠವೂ ಆಯಿತು.

"ಸ್ನೀಕ್ ಅಂದ್ರ ಸಪ್ಪಳಿಲ್ಲದಂಗ ಕದ್ದು ಹೋಗೋದು. ಹಿಂದಕ ಅಮೆರಿಕಾದಾಗ ರಬ್ಬರ್ ತಳದ ಬೂಟು ಬಂದ್ವು. ಹಾಕ್ಕೊಂಡಾಂವ ಬಂದದ್ದೂ ತಿಳೀತಿರಲಿಲ್ಲ, ಹೋದದ್ದೂ ತಿಳೀತಿರಲಿಲ್ಲ. ಅದಕ್ಕ ಆ ಹೆಸರು."

"ಅಂದ್ರ ಕಳ್ಳರ ಬೂಟು ಅನ್ರಿ" ಎಂದಳು ಅವಳು.

ಮರುದಿನ ಸಂಜೆ ಕಮಲಾದೇವಿ ದೋಸೆ ಹಿಟ್ಟಿನ ಪಾತ್ರೆ ಹಿಡಿದು ಗೇಟಿನಿಂದ ಒಳಗೆ ಬರುತ್ತಿದ್ದರು. ಗುರುಸಿದ್ದ ಅವರ ಬೆನ್ನಿಗೇ ಬಂದ. ಹೊಸ ಬೂಟಿನ ಮಹಿಮೆ ತೋರಿಸುವ ಉತ್ಸಾಹ ತಡೆಯಲಾಗದೆ, ಕಿವಿಯ ಹತ್ತಿರ ಬಗ್ಗಿ "ಆಂಟಿ" ಎಂದ.

ಹಿಟ್ಟು ಅಷ್ಟೂ ಸ್ನೀಕರ್ಸ್ ಮೇಲೆ. "ಕಳ್ಳ, ಕಳ್ಳ" ಎಂಬ ಕೂಗಿಗೆ ಇಡೀ ಕ್ರಾಸು ಸೇರಿತು. ಆ ದಾರಿಯಲ್ಲೇ ಬೈಕಿನಲ್ಲಿ ಹೋಗುತ್ತಿದ್ದ ಪೊಲೀಸ್ ಪೇದೆಯೂ ಇಳಿದರು.

"ಹಿಂದಿಂದ ಯಾಕಯ್ಯಾ ಬಂದೆ?"

ಗುರುಸಿದ್ದ ತನ್ನ ವಿದ್ವತ್ತಿನ ಮೇಲೆ ಭಾರ ಹಾಕಿದ. "ನನ್ನ ತಪ್ಪಲ್ರಿ ಸರ. ಇವು ಸ್ನೀಕರ್ಸ್. ಕದ್ದು ಬರಾಕಂತನ ಮಾಡಿದ್ದು."

"ಸದ್ಯ, ಇವನೇ ಒಪ್ಕೊಂಡ" ಎಂದರು ಪೇದೆ.

ವಿಜಯಲಕ್ಷ್ಮಿ ಓಡಿ ಬಂದು, ಈತ ನನ್ನ ಗಂಡನೇ ಎಂದು ಎಲ್ಲರೆದುರು ಒಪ್ಪಿಕೊಂಡ ಮೇಲೆ ಬಿಡುಗಡೆಯಾಯಿತು. ನೀರು ಕುಡಿದು ಸುಧಾರಿಸಿಕೊಂಡ ಕಮಲಾದೇವಿ ತೀರ್ಪು ಕೊಟ್ಟರು.

"ಮನೇಲಿ ಇರಪ್ಪ, ಬೇಡ ಅನ್ನಲ್ಲ. ಆದ್ರೆ ದೆವ್ವದ ಥರ ಬಂದ್ರೆ ನನ್ನ ಎದೆ ನಿಂತೋಗಲ್ವಾ? ನೀನು ಬರೋದು ನಂಗೆ ಗೊತ್ತಾಗ್ಬೇಕು." ಒಳಗೆ ಹೋಗಿ ಮೊಮ್ಮಗಳ ಡ್ಯಾನ್ಸ್ ಕ್ಲಾಸಿನ ಹಳೇ ಗೆಜ್ಜೆ ತಂದು ಕೈಗಿಟ್ಟರು.

ಮಾರನೆಯ ಸಂಜೆ, ತೊಳೆದ ಬೂಟಿನ ಲೇಸಿಗೆ ಗೆಜ್ಜೆ ಕಟ್ಟಿಕೊಂಡು ಗುರುಸಿದ್ದ ಘಲ್ ಘಲ್ ಎನ್ನುತ್ತ ಕ್ರಾಸು ತಿರುಗಿದ. ಎದುರು ಮನೆಯ ಮಂಗಮ್ಮ ಮೊರದಲ್ಲಿ ಅಕ್ಕಿ ಹಿಡಿದು ಅವಸರದಲ್ಲಿ ಆಚೆ ಬಂದರು. ಅತ್ತ ಇತ್ತ ನೋಡಿ, ಕೊನೆಗೆ ಇವನ ಕಾಲು ನೋಡಿದರು.

"ಕೋಲೆ ಬಸವ ಬಂತು ಅಂದ್ಕೊಂಡೆ. ಇರ್ಲಿ, ಕೊಡೋಕೆ ತಂದಿದ್ದು ವಾಪಸ್ ತಗೊಂಡು ಹೋಗ್ಬಾರ್ದು. ಹಿಡ್ಕೊಳಪ್ಪ."

ಗುರುಸಿದ್ದ ತೆಪ್ಪಗೆ ಲ್ಯಾಪ್‌ಟಾಪ್ ಬ್ಯಾಗಿನ ಬಾಯಿ ತೆರೆದ. ಮೇಲಿನ ಬಾಲ್ಕನಿಯಿಂದ ವಿಜಯಲಕ್ಷ್ಮಿಯ ದನಿ ಬಂತು.

"ಅಕ್ಕಿ ಹಾಕ್ಯಾರ, ತಲಿ ಅಲ್ಲಾಡಸ್ರಿ."

ಗುರುಸಿದ್ದ ಅಲ್ಲಾಡಿಸಿದ.