ದೀಪ ಹಚ್ಚಿದ ಮೇಲೆ ಹೆಪ್ಪು

ಕರಿಬಸವಯ್ಯನವರು ವ್ಯಾಪಾರದಲ್ಲಿ ನಂಬಿದ್ದು ಒಂದೇ ಶಾಸ್ತ್ರ: ಬೇಕಾದ ವಸ್ತುವನ್ನು ಬೇಕು ಅನ್ನಬಾರದು. ಅದನ್ನು ಕಣ್ಣಂಚಿನಲ್ಲಷ್ಟೇ ನೋಡಬೇಕು. ಮಳೆ-ಬೆಳೆ ವಿಚಾರಿಸಬೇಕು. ಕೊನೆಗೆ ಎದ್ದು ಚಪ್ಪಲಿ ಮೆಟ್ಟಬೇಕು. ಆಗ ಎದುರಿನವನೇ ಓಡಿಬಂದು "ಅಣ್ಣಾ, ತಗೊಂಡ್ಹೋಗಿ" ಅನ್ನುತ್ತಾನೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಅವರ ಪೈಪು-ನಲ್ಲಿ ಅಂಗಡಿ ಎದ್ದು ನಿಂತದ್ದು ಈ ಶಾಸ್ತ್ರದ ಮೇಲೆ. ಅವರ ತೋಟ ಊರು ಬಿಟ್ಟು ಹೋದದ್ದೂ ಇದೇ ಶಾಸ್ತ್ರದಿಂದ.

ತೋಟದ ಮೂಲ ಹಿರೇಹಳ್ಳಿಯ ಒಬ್ಬ ಕಂಟ್ರಾಕ್ಟರು. ದಪ್ಪ ಪೈಪು ಬೇಕೆಂದು ಹೇಳಿ, ತರಿಸಿಟ್ಟ ಮೇಲೆ ಫೋನು ಎತ್ತುವುದನ್ನೇ ನಿಲ್ಲಿಸಿದ ಮಹಾನುಭಾವ. ಪೈಪುಗಳು ಅಂಗಡಿಯಲ್ಲಿ ಬೀಗರಂತೆ ಕಾಲು ಚಾಚಿ ಮಲಗಿದವು. ಆಗ ಕರಿಬಸವಯ್ಯನವರಿಗೆ ಮೊಬೈಲಿನಲ್ಲಿ ಮಣ್ಣಿಲ್ಲದ ಕೃಷಿಯ ದರ್ಶನವಾಯಿತು. ಪೈಪಿಗೆ ತೂತು ಕೊರೆದು, ತೂತಿಗೊಂದು ಬಟ್ಟಲಿಟ್ಟು, ಬಟ್ಟಲಿಗೊಂದು ಗಿಡ ನೆಟ್ಟು, ಕೆಳಗೆ ಪಂಪಿನಿಂದ ಗೊಬ್ಬರದ ನೀರು ಹರಿಸಿದರೆ ಬೇರು ನೀರಲ್ಲೇ ಓಲಾಡುತ್ತದೆ, ಎಲೆ ಗಾಳಿಯಲ್ಲಿ ತೂಗುತ್ತದೆ. ವಾರ ಕಳೆಯುವುದರೊಳಗೆ ತಾರಸಿಯ ತುಂಬ ಪೈಪು. ಸರ್ವಮಂಗಳಮ್ಮನವರ ಬಟ್ಟೆ ಒಣಹಾಕುವ ತಂತಿ ಹೋಯಿತು, ಸಂಡಿಗೆ ಇಡುವ ಜಾಗ ಹೋಯಿತು. (ಸಂಡಿಗೆ ಇಡಲಾಗದ ಬೇಸಿಗೆ ಎಂಥದ್ದೆಂದು ಬಲ್ಲ ಗಂಡಂದಿರು ಇಲ್ಲೊಂದು ನಿಟ್ಟುಸಿರು ಬಿಡಬಹುದು.)

ಮೊದಲ ಬೆಳೆ ಕೊಳೆಯಿತು. ಮೇಲೆ ಎಲೆ ಬಾಡಿತೆಂದು ಬಟ್ಟಲು ಎತ್ತಿ ನೋಡಿದರೆ ಬೇರು ನೆನೆಸಿಟ್ಟ ಹುಣಸೇಹಣ್ಣಿನಂತೆ ಲೋಳೆಯಾಗಿ ಜೋತುಬಿದ್ದಿತ್ತು. ಅದಕ್ಕೆ ಮದ್ದೆಂದು ಅವರು ತಂದದ್ದು ಒಂದು ಬಾಟಲಿ ಜೀವಾಣು.

"ಏನ್ರೀ ಇದು? ಕಾಸು ಕೊಟ್ಟು ಕ್ರಿಮಿ ತಂದಿದೀರಾ?" ಎಂದರು ಸರ್ವಮಂಗಳಮ್ಮ. "ಮನೇಲಿರೋ ಸೊಳ್ಳೆ ಸಾಲಲ್ವಾ?"

"ಇವು ಒಳ್ಳೆ ಕ್ರಿಮಿ ಕಣೇ. ನೀನು ಹಾಲಿಗೆ ಹೆಪ್ಪು ಹಾಕ್ತೀಯಲ್ಲ, ಅದ್ರಲ್ಲಿರೋದೇನು? ಅದೂ ಬ್ಯಾಕ್ಟೀರಿಯಾನೇ! ಒಳ್ಳೇವು ಮೊದ್ಲೇ ಹೋಗಿ ಬೇರಿನ ಸುತ್ತ ಜಾಗ ಹಿಡ್ಕೊಂಡ್ರೆ ಕೊಳೆಸೋ ಕ್ರಿಮಿಗೆ ಕೂರೋಕೂ ಜಾಗ ಸಿಗಲ್ಲ. ಅಂಗಡಿ ಬಾಗಿಲಿಗೆ ಕಾವಲುಗಾರ ನಿಲ್ಸ್ದಂಗೆ."

ಕಾವಲುಗಾರರು ಚೆನ್ನಾಗಿಯೇ ಕೆಲಸ ಮಾಡಿದರು. ಪುದೀನ, ಪಾಲಕ್, ಲೆಟ್ಯೂಸ್ ಎಂಬ ವಿಲಾಯಿತಿ ಸೊಪ್ಪು (ಸರ್ವಮಂಗಳಮ್ಮನವರ ಪ್ರಕಾರ ಎಲೆಕೋಸಿನ ಬಡ ಷಡ್ಡಕ) ಹುಲುಸಾಗಿ ಬೆಳೆದವು. ಬೆಳೆಯೊಂದಿಗೆ ಕರಿಬಸವಯ್ಯನವರ ಮಾತೂ ಬೆಳೆಯಿತು. ಮಗಳು ಮಧುಶ್ರೀಯನ್ನು ಕೊಟ್ಟಿದ್ದ ಗುಬ್ಬಿಯ ಬೀಗರ ಮನೆಗೆ ಮಿಕ್ಕ ಎರಡು ಪೈಪು, ಅರ್ಧ ಬಾಟಲಿ ಜೀವಾಣು ಒಯ್ದು ದಾನ ಮಾಡಿ, ಹೆಪ್ಪಿನ ಭಾಷಣವನ್ನು ಅಲ್ಲಿಯೂ ಮಾಡಿದರು. "ಹೆಪ್ಪು ಅಂತಲೇ ತಿಳ್ಕೊಳ್ಳಿ ಬೀಗಿತ್ತಿಯವರೇ. ಆಗಾಗ ಒಂಚೂರು ಬೆಲ್ಲದ ನೀರು ಕೊಡ್ತಿದ್ರೆ ತಾನೇ ಬೆಳೀತದೆ." ಬೀಗಿತ್ತಿ ಶಿವನಂಜಮ್ಮ ಅದನ್ನು ಭಕ್ತಿಯಿಂದ ಮೊಸರಿನ ಗಡಿಗೆಯ ಪಕ್ಕದಲ್ಲೇ ಇಟ್ಟುಕೊಂಡರು.

ಹೊರಡುವಾಗ ಕರಿಬಸವಯ್ಯನವರ ಬಾಯಿ ಸುಮ್ಮನಿರಲಿಲ್ಲ. "ಬರೋ ಭಾನುವಾರದ ಮುಂದಿನ ಭಾನುವಾರ ನಿಮ್ಮ ನೆಂಟ್ರನ್ನೆಲ್ಲ ಕರ್ಕೊಂಡು ನಮ್ಮನೆಗೆ ಬನ್ನಿ. ಮಣ್ಣು ಮುಟ್ಟದ ಸೊಪ್ಪಿನ ಊಟ ಹಾಕಿಸ್ತೀನಿ!"

"ಮಣ್ಣಿಲ್ದೆ ಊಟವಾ?" ಎಂದು ಬೀಗರಾದ ಸದಾಶಿವಯ್ಯ ಮೀಸೆಯೊಳಗೇ ನಕ್ಕರು. "ಆಗ್ಲಿ, ಕಣ್ಣಾರೆ ನೋಡೇಬುಡಾಣ."

ಆ ಮೀಸೆಯೊಳಗಿನ ನಗುವೇ ಅನಾಹುತಕ್ಕೆ ಕಾರಣ. ಊಟದ ದಿನ ಒಂದು ಎಲೆಯೂ ಬಾಡಬಾರದೆಂದು ಕರಿಬಸವಯ್ಯನವರು ಹೆಚ್ಚಿನ ಭದ್ರತೆಗಾಗಿ ಗೊಬ್ಬರದ ನೀರಿಗೆ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಸುರಿದರು. ಕೊಳಾಯಿ ನೀರಿಗೆ ಹಾಕುವಂಥದ್ದು ಗಿಡಕ್ಕೇನು ಮಾಡೀತು ಎಂಬ ಧೈರ್ಯ. ಬ್ಲೀಚಿಂಗ್ ಪೌಡರಿಗೆ ಒಳ್ಳೆಯ ಕ್ರಿಮಿ, ಕೆಟ್ಟ ಕ್ರಿಮಿ ಎಂಬ ಭೇದವಿಲ್ಲ. ಕಾವಲುಗಾರನನ್ನು ನೇಮಿಸಿ, ಅವನ ಮೇಲೇ ನಾಯಿ ಬಿಟ್ಟಂತಾಯಿತು. ಕಾವಲು ಸತ್ತಿತು, ಪೌಡರಿನ ಘಾಟು ಇಳಿಯಿತು, ಬಾಗಿಲು ತೆರೆದಿತ್ತು, ಕಳ್ಳರು ಬಂದರು. ಇನ್ನೊಂದು ವಾರದಲ್ಲಿ ಊಟ ಅನ್ನುವಾಗ ಅರ್ಧ ತೋಟದ ಬೇರು ಕಂದಿತ್ತು.

ಜೀವಾಣು ಮಾರುವವನಿಗೆ ಫೋನಾಯಿಸಿದರೆ "ಸ್ಟಾಕ್ ಖಾಲಿ ಸಾರ್, ಮುಂದಿನ ತಿಂಗಳು" ಅಂದ.

"ಗುಬ್ಬೀಲಿ ನಿಮ್ಮ ಹೆಪ್ಪೇ ಇದ್ಯಲ್ಲ, ಫೋನ್ ಮಾಡಿ ಕೇಳಿ," ಎಂದರು ಸರ್ವಮಂಗಳಮ್ಮ.

"ಕೊಟ್ಟ ದಾನಾನ ವಾಪಸ್ ಬೇಡೋದಾ? ಅದೂ ಬೀಗರ ಹತ್ರ? ನನ್ನ ಮಾನ ಏನಾಗಬೇಕು? ಸುಮ್ನೆ ಈ ಕಡೆ ಬಂದಿದ್ದೆ ಅಂತ ಹೋಗ್ತೀನಿ. ಅವರಾಗೇ ಕೊಡ್ತಾರೆ ನೋಡ್ತಿರು."

"ರೀ, ಹೋದ ತಕ್ಷಣ ಬಾಯಿಬಿಟ್ಟು ಕೇಳ್ರಿ."

"ವ್ಯಾಪಾರ ನಂಗೆ ಹೇಳ್ಕೊಡಬೇಡ ಕಣೇ!"

ಊಟ ಮುಗಿಸಿ ಸ್ಕೂಟರ್ ಹತ್ತಿದವರು ಗುಬ್ಬಿ ತಲುಪಿದಾಗ ಇನ್ನೂ ಒಳ್ಳೆ ಬಿಸಿಲು. ಬೀಗರ ಮನೆಯ ಜಗುಲಿಯಲ್ಲೇ ಪೈಪು. ಪುದೀನ ಮೊಣಕಾಲೆತ್ತರ. ಯಾರೂ ನೋಡುತ್ತಿಲ್ಲವೆಂದು ಒಂದು ಬಟ್ಟಲು ಎತ್ತಿ ನೋಡಿದರು: ಬೇರು ಶ್ಯಾವಿಗೆಯಂತೆ ಬೆಳ್ಳಗೆ! ಬಟ್ಟಲು ಇಟ್ಟು ಒಳಗೆ ಹೋಗಿ ಮಳೆ ವಿಚಾರಿಸಿದರು.

ಕಾಫಿ ಬಂತು. ಕೊಬ್ಬರಿ ಧಾರಣೆ ಬಂತು. ಚಕ್ಕುಲಿ ಬಂತು.

"ಏನ್ ಬೀಗ್ರೇ, ಏನಾದ್ರೂ ಇಸೇಸ?" ಎಂದು ಸದಾಶಿವಯ್ಯ ಕೇಳಿದರು.

"ಏನಿಲ್ಲಪ್ಪ! ಇಲ್ಲೇ ಬಂದಿದ್ದೆ."

"ತೋಟ ಹೆಂಗದೆ?"

"ತೋಟಕ್ಕೇನ್ರೀ, ನಂದನವನ!" ಎಂದು ಕರಿಬಸವಯ್ಯನವರು ಚಕ್ಕುಲಿ ಮುರಿದರು. ಆಮೇಲೆ ಶಾಸ್ತ್ರದ ಕೊನೆಯ ಅಸ್ತ್ರ ಹೂಡಿದರು. ಎದ್ದರು, ಚಪ್ಪಲಿ ಮೆಟ್ಟಿದರು, ಪೈಪಿನ ಕಡೆ ಒಮ್ಮೆ ನೋಡಿ ಕೆಮ್ಮಿದರು.

"ಹೊಂಟ್ರಾ? ಸರಿ, ನಿಧಾನಕ್ಕೆ ಹೋಗಿ," ಎಂದರು ಸದಾಶಿವಯ್ಯ.

ಅಂಗಡಿ ಇಟ್ಟಂದಿನಿಂದ ಈ ಅಸ್ತ್ರ ಗುರಿ ತಪ್ಪಿದ್ದು ಇದೇ ಮೊದಲು. ಕರಿಬಸವಯ್ಯನವರು ಮಂಡಿ ಹಿಡಿದುಕೊಂಡಿತೆಂದು ಮತ್ತೆ ಒಳಗೆ ಬಂದು ಕೂತರು. ಮಂಡಿಗೆ ಎಣ್ಣೆ ಬಂತು. ಎಣ್ಣೆಯ ಹಿಂದೆ ಉಪ್ಪಿಟ್ಟು ಬಂತು. ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವಷ್ಟರಲ್ಲಿ ದೇವರ ಕೋಣೆಯಿಂದ ಗಂಟೆಯ ಸದ್ದು, ಊದುಬತ್ತಿಯ ಘಮ. ಮನೆಯ ಕೊಳೆಯುತ್ತಿರುವ ಬೇರುಗಳು ಕಣ್ಣೆದುರು ತೇಲಿದವು. ಮಾನ ಸೋತಿತು.

"ಬೀಗಿತ್ತಿಯವರೇ... ಆ ಜೀವಾಣು... ಒಂದು ಲೋಟ ಸಿಕ್ಕೀತಾ?"

ಶಿವನಂಜಮ್ಮ ಕೆನ್ನೆಗೆ ಕೈ ಕೊಟ್ಟರು. "ಅಯ್ಯೋ ಶಿವನೇ! ಈಗ್ತಾನೆ ದೀಪ ಹಚ್ಚಿಬಿಟ್ನಲ್ಲ! ದೀಪ ಹಚ್ಚಿದ ಮೇಲೆ ಹೆಪ್ಪು ಆಚೆ ಕೊಡ್ತಾರಾ? ಮನೆ ಲಕ್ಷ್ಮಿ ಹೊಂಟೋಯ್ತಾಳೆ."

"ಇದು ಹೆಪ್ಪಲ್ಲ ತಾಯಿ, ಬ್ಯಾಕ್ಟೀರಿಯಾ!"

"ಹೆಪ್ಪಲ್ಲಿರೋದೂ ಅದೇಯ ಅಂತ ಇದೇ ಕುರ್ಚೀಲಿ ಕೂತು ಹೇಳಿದ್ರಲ್ಲ ಬೀಗ್ರೇ?"

"ಅದು... ಅದು ಒಂದು ಮಾತಿಗೆ ಹೇಳಿದ್ದು!"

"ಏನಪ್ಪಾ, ಹಂಗಾದ್ರೆ ಅವತ್ತು ಹೇಳಿದ್ದು ಸುಳ್ಳಾ?" ಎಂದು ಅಡುಗೆಮನೆಯಿಂದ ಸ್ವಂತ ಮಗಳು ಮಧುಶ್ರೀ ಕೇಳಿದಳು. ಸುಳ್ಳು ಅಂದರೆ ಮಾನ ಹೋಗುತ್ತದೆ, ನಿಜ ಅಂದರೆ ತೋಟ ಹೋಗುತ್ತದೆ. ಕೊನೆಗೆ ಕರಿಬಸವಯ್ಯನವರು ಇದ್ದ ವಿಷಯ ಎಲ್ಲ ಹೇಳಿಕೊಂಡರು, ಬ್ಲೀಚಿಂಗ್ ಪೌಡರ್ ಸಮೇತ. "ಬೆಳಗಾಗೋದ್ರೊಳಗೆ ಉಳಿದಿರೋದೂ ಗೊಜ್ಜಾಗೋಗುತ್ತೆ ಬೀಗಿತ್ತಿಯವರೇ!"

ಶಿವನಂಜಮ್ಮ ಯೋಚಿಸಿದರು. "ಹೆಪ್ಪು ಆಚೆ ಹೋಗಬಾರ್ದು, ದಿಟ. ಆದ್ರೆ ಹಾಲು ಒಳಗೆ ಬರಬೋದಲ್ಲ? ಗಿಡಗಳನ್ನೇ ಇಲ್ಲಿಗೆ ತಂದುಬುಡಿ."

ಕರಿಬಸವಯ್ಯನವರು ಹೆಂಡತಿಗೆ ಫೋನ್ ಮಾಡಿದರು. "ಲೇ ಮಂಗಳಾ, ಅಂಗಡಿ ಲಗೇಜ್ ಆಟೋಗೆ ಹೇಳಿ, ಗಿಡ, ಪೈಪು ಎಲ್ಲಾ ತುಂಬ್ಸಿ..."

"ಎಲ್ಲಾ ತುಂಬ್ಕೊಂಡು ಮಲ್ಲಸಂದ್ರ ದಾಟಿದೀವಿ," ಎಂದಿತು ಫೋನು. "ಇನ್ನೇನು ಬಂದ್ವಿ."

"ಆಂ? ನಾನಿನ್ನೂ ಹೇಳೇ ಇಲ್ವಲ್ಲೇ!"

"ನಿಮ್ಮ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೀನ್ರೀ. ನೀವು ದೀಪ ಹಚ್ಚೋಕೆ ಮುಂಚೆ ಬಾಯಿ ಬಿಡೋ ಜನವಾ? ಬೀಗಿತ್ತಿಯವರಿಗೆ ಮಧ್ಯಾಹ್ನಾನೇ ಹೇಳಿದ್ದೆ, ಕೇಳಿದ್ರೆ ಕೊಡಿ, ಕೇಳದಿದ್ರೆ ಉಪ್ಪಿಟ್ಟು ಕೊಡಿ ಅಂತ."

ಆಟೋ ಬಂತು. ಕೊಳೆತ ಬೇರು ಕತ್ತರಿಸಿ, ಉಳಿದದ್ದನ್ನು ತೊಳೆದು, ಹೊಸ ನೀರಿಗೆ ಶಿವನಂಜಮ್ಮ ದೇವರನ್ನು ನೆನೆದು ಹೆಪ್ಪು ಹಾಕಿದರು. ವಾರ ಕಳೆಯುವುದರೊಳಗೆ ಕಂದಿದ ಬುಡಗಳಿಂದ ಬಿಳಿ ಬೇರು ಇಣುಕಿತು. ತುಮಕೂರಿನಲ್ಲಿ ಆಗಬೇಕಾಗಿದ್ದ ಭಾನುವಾರದ ಊಟ ಗುಬ್ಬಿಯಲ್ಲೇ ಆಯಿತು. ನೆಂಟರೆಲ್ಲ ಜಗುಲಿಯ ಸುತ್ತ ನಿಂತು "ಭೇಷ್ ಸದಾಶಿವಯ್ಯ!" ಅಂದರು. ಸದಾಶಿವಯ್ಯ ಕೈ ಮುಗಿದು "ನಂದೇನಿಲ್ಲ, ಎಲ್ಲಾ ನಮ್ಮ ಬೀಗರದು" ಅಂದರು. ಎಂಥ ವಿನಯವಂತ ಎಂದು ನೆಂಟರು ಅವರನ್ನೇ ಇನ್ನಷ್ಟು ಹೊಗಳಿದರು.

ವಿಚಿತ್ರವೆಂದರೆ ಕರಿಬಸವಯ್ಯನವರಿಗೆ ಉರಿಯಲಿಲ್ಲ. ಆ ವಾರವೆಲ್ಲ ಅವರು ಪಂಪಿನ ಸದ್ದಿಗೆ ಕಿವಿಗೊಡದೆ ನಿದ್ದೆ ಮಾಡಿದ್ದರು. ಕರೆಂಟು ಹೋದಾಗ ಎದೆ ಹೊಡೆದುಕೊಂಡಿರಲಿಲ್ಲ. ಗಿಡ ಬದುಕಿತ್ತು, ಮಾನ ಸುಮಾರಾಗಿ ಉಳಿದಿತ್ತು, ಬೇರಿನ ಚಿಂತೆ ಬೇರೆಯವರದಾಗಿತ್ತು. ಇಷ್ಟು ಹಗುರ ಅವರಿಗೆ ಆ ಕಂಟ್ರಾಕ್ಟರನ ಪೈಪು ಬಂದಾಗಿನಿಂದ ಅನ್ನಿಸಿರಲೇ ಇಲ್ಲ.

ಸಂಜೆ ಸರ್ವಮಂಗಳಮ್ಮ ಹೊರಡೋಣ ಹೊರಡೋಣ ಎಂದು ಅವಸರ ಮಾಡಿದರೂ ಅವರು ಏಳಲಿಲ್ಲ. ದೇವರ ಕೋಣೆಯ ಗಂಟೆ ಕೇಳಿದ ಮೇಲೆ, ಬತ್ತಿ ಚೆನ್ನಾಗಿ ಹತ್ತಿಕೊಂಡದ್ದನ್ನು ಇಣುಕಿ ನೋಡಿದ ಮೇಲೆ, ಎದ್ದು ನಿಂತು ಬಹಳ ದುಃಖದಿಂದ ಕೇಳಿದರು: "ಬೀಗಿತ್ತಿಯವರೇ, ತೋಟ ವಾಪಸ್ ಒಯ್ಯೋಣ ಅಂತಿದ್ದೆ. ಒಂದು ಲೋಟ ಹೆಪ್ಪು...?"

"ಅಯ್ಯೋ, ಈಗ್ತಾನೆ ದೀಪ..."

"ಛೆ! ಛೆ! ಪದ್ಧತಿ ಮುರಿಯೋದು ಬೇಡ," ಎಂದು ಕರಿಬಸವಯ್ಯನವರು ಬಾಗಿಲು ದಾಟಿ ಸ್ಕೂಟರಿಗೆ ಕಿಕ್ ಹೊಡೆದಾಗಿತ್ತು.

ಮರುದಿನ ಅವರು ಎದ್ದಾಗ ಖಾಲಿ ತಾರಸಿಯ ತುಂಬ ಬಿಳಿ ಪಂಚೆ ಹಾಸಿತ್ತು. ಅದರ ಮೇಲೆ ಸಾಲು ಸಾಲು ಸಂಡಿಗೆ. ನೀರಿನ ಟ್ಯಾಂಕಿನ ಮೇಲೆ ಕಾಗೆಗಳ ಸಭೆ. ಸರ್ವಮಂಗಳಮ್ಮ ಗಂಡನ ಕೈಗೆ ಒಂದು ಕೋಲು, ಇನ್ನೊಂದು ಕೈಗೆ ಛತ್ರಿ ಕೊಟ್ಟರು.

"ಒಳ್ಳೇವ್ರು ಮೊದ್ಲೇ ಹೋಗಿ ಜಾಗ ಹಿಡ್ಕೊಂಡ್ರೆ ಕೆಟ್ಟವಕ್ಕೆ ಕೂರೋಕೂ ಜಾಗ ಸಿಗಲ್ಲ ಅಂತ ನೀವೇ ಅಲ್ವಾ ಹೇಳಿದ್ದು? ಹೂಂ, ಹೋಗಿ ಕೂತ್ಕೊಳ್ಳಿ."