ಇರುವೆಗೆ ಉಗುಳಲು ಕಲಿಸಿದ್ದು

ಮೂಲೆಮನೆ ಅಜ್ಜಿಯ ಹಲ್ಲಿನ ಸುದ್ದಿ ಗೊತ್ತಿಲ್ಲದವರು ಆ ಬೀದಿಯಲ್ಲೇ ಇರಲಿಲ್ಲ. ಅಪ್ಪಿತಪ್ಪಿ ಇದ್ದರೆ ಅಜ್ಜಿಯೇ ಅವರನ್ನು ತಡೆದು ನಿಲ್ಲಿಸಿ, ನಕ್ಕು ತೋರಿಸುತ್ತಿದ್ದಳು.

“ಪೇಸ್ಟಿನ ಮುಖ ಕಂಡವಳಲ್ಲ ನಾನು. ಇದ್ದಿಲ ಪುಡಿ, ಈ ಬೆರಳು, ಅಷ್ಟೇ. ಒಂದಾದ್ರೂ ಅಲುಗಾಡುತ್ತಾ ನೋಡಿ!”

(ಅಲುಗಾಡಿಸಿ ನೋಡುವ ಧೈರ್ಯ ಯಾರಿಗಿತ್ತು? ಆ ಮಾತು ಆಮೇಲೆ.)

ಅಜ್ಜಿಗೆ ಒಬ್ಬಳೇ ಮೊಮ್ಮಗಳು, ನಾಲ್ಕು ವರ್ಷದವಳು. ಸಿಹಿ ಎಲ್ಲಿದ್ದರೂ ಪತ್ತೆ ಹಚ್ಚುವುದರಿಂದ ಮನೆಯಲ್ಲಿ ಅವಳ ಹೆಸರೇ ಇರುವೆ. ಮಗು ಸಂಜೆ ಅಪ್ಪ ಅಮ್ಮನ ಪಾಲು; ಬೆಳಿಗ್ಗೆ ಎಬ್ಬಿಸಿ, ಹಲ್ಲುಜ್ಜಿಸಿ, ಜಡೆ ಹೆಣೆಯುವ ಹೊತ್ತು ಮಾತ್ರ ಅಜ್ಜಿಯ ಖಾಸಾ ಸಾಮ್ರಾಜ್ಯ.

ಒಂದು ದಿನ ಸೊಸೆ ಬಚ್ಚಲಿಗೆ ಇಣುಕಿದರೆ, ಬ್ರಶ್ಶಿನ ಮೇಲೆ ಸ್ಟ್ರಾಬೆರಿ ಪೇಸ್ಟು ಹೆಡೆಯೆತ್ತಿ ಕೂತಿದೆ. ಇರುವೆ ಕಣ್ಣು ಮುಚ್ಚಿ ನೆಕ್ಕುತ್ತಿದ್ದಾಳೆ.

“ಅತ್ತೆ! ಅದನ್ನ ನುಂಗ್ತಿದಾಳೆ!”

“ನುಂಗ್ಲಿ ಬಿಡೇ. ಹೊಟ್ಟೆಯೂ ತೊಳೆದ ಹಾಗಾಯ್ತು.”

“ಹಲ್ಲಿನ ಡಾಕ್ಟರು ಹೇಳಿದ್ದು ಮರೆತ್ರಾ? ಅದರಲ್ಲಿರೋ ಫ್ಲೋರೈಡು ಹಲ್ಲಿಗೆ ಕಾವಲು, ಹೊಟ್ಟೆಗಲ್ಲ. ದಿನಾ ಇಷ್ಟಿಷ್ಟು ನುಂಗಿದ್ರೆ ಮುಂದೆ ಹುಟ್ಟೋ ಹಲ್ಲಿನ ಮೇಲೆ ಬಿಳಿ ಕಲೆ ಬೀಳುತ್ತಂತೆ. ಬಟಾಣಿ ಕಾಳಿನಷ್ಟು ಹಾಕಿ, ಉಗುಳಿಸ್ಬೇಕು.”

“ಹಾಗಿದ್ರೆ ಎಸಿ ಆ ಟ್ಯೂಬ್‌ನ! ನನ್ನ ಹಲ್ಲು ನೋಡು...”

“ನೋಡಿದೀನಿ ಅತ್ತೆ,” ಎಂದಳು ಸೊಸೆ, ಯಾಕೋ ತುಂಬ ಮೆಲ್ಲಗೆ. “ಪೇಸ್ಟ್ ಇರ್ಲಿ. ಭಾನುವಾರದೊಳಗೆ ಅವಳು ಉಗುಳೋದು ಕಲೀದಿದ್ರೆ, ಬೆಳಿಗ್ಗೆ ನಾನೇ ನೋಡ್ಕೋತೀನಿ.”

ಅಜ್ಜಿಯ ಸಾಮ್ರಾಜ್ಯಕ್ಕೇ ಸಂಚಕಾರ!

ಉಗುಳುವುದೇನು ಮಹಾ ವಿದ್ಯೆ ಎಂದುಕೊಂಡಳು. ಇರುವೆ ಮಾತ್ರ ಗುಟುಕ್ಕೆಂದು ನುಂಗಿ ಕೇಳಿದಳು, “ಬಾಯಿಗೆ ಹಾಕ್ಕೊಂಡಿದ್ದನ್ನ ಉಗೀಬಾರ್ದು ಅಂತ ನೀನೇ ಹೇಳಿದ್ದಲ್ವಾ ಅಜ್ಜಿ?”

ಊಟಕ್ಕೆ ಹೇಳಿದ ಮಾತು ಬಚ್ಚಲಿಗೆ ಬಂದು ಕುತ್ತಿಗೆ ಹಿಡಿದಿತ್ತು. ಗದರಿದ್ದಾಯಿತು, ಮುದ್ದಿಸಿದ್ದಾಯಿತು. ಗುಟುಕ್, ಗುಟುಕ್.

ಭಾನುವಾರ ಅಜ್ಜಿ ಬ್ರಹ್ಮಾಸ್ತ್ರ ತೆಗೆದಳು. ಹಿತ್ತಲ ಮೆಟ್ಟಿಲ ಮೇಲೆ ಪಂದ್ಯ: ಎದುರಿನ ಹೂಕುಂಡ ಮುಟ್ಟುವ ಹಾಗೆ ಉಗುಳಿದವರು ಗೆದ್ದಂತೆ. ಸೊಸೆ ಬಾಗಿಲಲ್ಲಿ ತೀರ್ಪುಗಾರಳಾಗಿ ನಿಂತಳು. ಬಾಯಿ ತುಂಬ ನೊರೆಯಿಟ್ಟುಕೊಂಡು ಇರುವೆಯೂ ನಿಂತಳು.

“ನೋಡ್ಕೋ, ಹೀಗೆ!” ಅಜ್ಜಿ ಬಾಯಿ ತುಂಬ ನೀರು ತುಂಬಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇದ್ದಬದ್ದ ಉಸಿರನ್ನೆಲ್ಲ ಒಟ್ಟು ಮಾಡಿ, ಫೂ!

ನೀರು ಹೂಕುಂಡ ಮುಟ್ಟಿತು. ಅದರ ಹಿಂದೆಯೇ ಮೇಲ್ಸಾಲಿನ ಹಲ್ಲುಗಳೆಲ್ಲ ಒಟ್ಟಾಗಿ, ಒಂದೂ ಅಲುಗಾಡದೆ, ಹೋಗಿ ಕುಂಡದ ಮಣ್ಣಲ್ಲಿ ಕೂತವು.

ಇರುವೆಗೆ ನಗು ತಡೆಯಲಾಗಲಿಲ್ಲ. ನೊರೆಯಷ್ಟೂ ಫೂ ಎಂದು ಹೊರಗೆ ಬಂತು.

ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿ ಗೋಡೆ ಕಡೆ ತಿರುಗಿದಳು. ಸೊಸೆ ಹಲ್ಲಿನ ಸೆಟ್ಟು ಎತ್ತಿ, ನಲ್ಲಿಯಲ್ಲಿ ತೊಳೆದು, ಸದ್ದಿಲ್ಲದೆ ಅವಳ ಕೈಗಿಟ್ಟಳು.

“ಹೋಗ್ಲಿ ಬಿಡಿ ಅತ್ತೆ. ಅದನ್ನ ನೆನೆಹಾಕೋ ಲೋಟ ಇಷ್ಟು ವರ್ಷ ತೊಳೆದೋಳು ನಾನೇ ಅಲ್ವಾ? ಮಗು ಉಗುಳಿದ್ಲು. ಬೆಳಿಗ್ಗೆ ಹೊತ್ತು ನಿಮ್ಮದೇ.”

ಮಾನ ಹೋದರೂ ಸಾಮ್ರಾಜ್ಯ ಉಳಿಯಿತಲ್ಲ ಎಂದು ಅಜ್ಜಿ ಆ ರಾತ್ರಿ ಸುಖವಾಗಿ ನಿದ್ದೆ ಹೋದಳು.

ಮರುದಿನ ಬೆಳಿಗ್ಗೆ ಬ್ರಶ್ಶು ಹಿಡಿದು ಕರೆದರೆ ಇರುವೆ ತುಟಿ ಬಿಗಿದು ನಿಂತಿದ್ದಾಳೆ.

“ಮೊದ್ಲು ನೀನು ಹಲ್ಲು ಉಗಿ. ಆಮೇಲೆ ನಾನು.”

“ಮೆಲ್ಲಗೆ ಮಾತಾಡೇ, ಯಾರಾದ್ರೂ ಕೇಳಿಸ್ಕೊಂಡಾರು!” ಎನ್ನುತ್ತ ಅಜ್ಜಿ ಹಿತ್ತಲ ಬಾಗಿಲು ತೆರೆದಳು.

ಇರುವೆ ಎಂದಾದರೂ ಒಂಟಿಯಾಗಿ ಬಂದದ್ದುಂಟೇ? ಕಾಂಪೌಂಡು ಗೋಡೆಯ ಮೇಲೆ ಬೀದಿಯ ಮಕ್ಕಳೆಲ್ಲ ಬ್ರಶ್ಶು ಹಿಡಿದು ಸಾಲಾಗಿ ಕೂತಿದ್ದರು.